ದೇವಿಮನೆ ಘಟ್ಟದಲ್ಲಿ ಡಿಸಿಟಿ ಗೇರ್‌ಬಾಕ್ಸ್ ಬಿಸಿಯಾದರೆ

ಕುಟುಂಬದವರೊಂದಿಗೆ ಕುಮಟಾದಿಂದ ಶಿರಸಿಗೆ ಬರುವಾಗ, ಲಾರಿಗಳ ಹಿಂದೆ ದೇವಿಮನೆ ಘಟ್ಟ ಹತ್ತುತ್ತಿದ್ದ ನಿಮ್ಮ ಎಸ್‌ಯುವಿ ನಡುಗಿ ಬಿಸಿಯ ಎಚ್ಚರಿಕೆ ತೋರಿಸಿತೆಂದು ಬರೆದಿದ್ದೀರಿ. ಅದಕ್ಕೆ, ಕ್ಲಚ್ ಪೂರ್ತಿ ಹಿಡಿಯದೆ ಬಹಳ ಹೊತ್ತು ಜಾರಿದ್ದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಡಿಸಿಟಿಯಲ್ಲಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇಲ್ಲದಿರುವುದರಿಂದ, ಆಮೆಗತಿಯಲ್ಲಿ ಏರು ಹತ್ತುವಾಗ ಎಂಜಿನ್ನಿನ ಮತ್ತು ಚಕ್ರದ ವೇಗದ ವ್ಯತ್ಯಾಸವನ್ನೆಲ್ಲ ಕ್ಲಚ್ ಫಲಕಗಳೇ ಉಜ್ಜಿಕೊಂಡು ತಾಳಬೇಕಾಗುತ್ತದೆ. ಒಣ ಕ್ಲಚ್ ಆಗಿದ್ದರೆ ಅದನ್ನು ತಣಿಸಲು ಎಣ್ಣೆಯೂ ಇರುವುದಿಲ್ಲ. ನನ್ನ ಗಾಡಿಯಲ್ಲಿಯೂ ಅದೇ ಘಟ್ಟದಲ್ಲಿ ಹೀಗೆಯೇ ಆಗಿತ್ತು.

ಎಚ್ಚರಿಕೆ ಮತ್ತೆ ಬಂದರೆ, ತಿರುವಿನಲ್ಲಲ್ಲದ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರನ್ನು ‘ಪಿ’ಗೆ (ಪಾರ್ಕಿಂಗ್) ತಂದು, ಎಂಜಿನ್ ಆರಿಸದೆ ಸೂಚನೆ ಹೋಗುವವರೆಗೂ ಕಾಯಿರಿ. ಅನಂತರ ಮ್ಯಾನ್ಯುವಲ್ ಮೋಡಿನಲ್ಲಿ ಮೊದಲ ಗೇರ್ ಹಾಕಿ ಹೊರಡಿರಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಕ್ಲಚ್ಚಿಗೆ ಅದಕ್ಕಿಂತ ಹೆಚ್ಚು ಹಾನಿ ಮಾಡುವಂಥದ್ದು ಬೇರೆ ಕಡಿಮೆ. ಬ್ರೇಕ್ ಒತ್ತಿ ನಿಂತು, ಮುಂದಿನ ಲಾರಿ ನಾಲ್ಕೈದು ಗಾಡಿಯಷ್ಟು ದೂರ ಹೋದ ಮೇಲೆ ಒಮ್ಮೆಗೇ ಸಾಗಿರಿ.

ನಿಮ್ಮದು ಒಣ ಕ್ಲಚ್ಚೋ ಎಣ್ಣೆಯಲ್ಲಿರುವುದೋ ಎಂದು ನೀವು ಬರೆದಿಲ್ಲ. ಎಣ್ಣೆಯದ್ದಾದರೆ ಎಣ್ಣೆಯ ಮಟ್ಟ ಮತ್ತು ಬದಲಿಸುವ ಅವಧಿಯನ್ನೂ ನೋಡಿಸಬೇಕು. ಸಮತಟ್ಟಾದ ರಸ್ತೆಯಲ್ಲಿ ಹೊರಡುವಾಗಲೂ ನಡುಕ ಬಂದರೆ ಕ್ಲಚ್ ಸವೆದಿರಬಹುದು. ಆಗ ಸರ್ವಿಸ್ ಸೆಂಟರಿನಲ್ಲಿ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಸಂಕೇತ ಓದಿಸಿ, ಗೇರ್‌ಬಾಕ್ಸ್ ಸಾಫ್ಟ್‌ವೇರ್ ಪರಿಷ್ಕರಣೆ ಇದೆಯೇ ಎಂದು ಕೇಳಿ, ವಾರಂಟಿ ಮುಗಿಯುವ ಮೊದಲೇ ದೂರನ್ನು ಜಾಬ್ ಕಾರ್ಡಿನಲ್ಲಿ (ಸರ್ವಿಸ್ ಸೆಂಟರಿನ ಕೆಲಸದ ಚೀಟಿ) ಬರೆಸಿರಿ.