ಕಾಸರಗೋಡಿನವರಿಗೆ ಎರಡು ಬಜೆಟ್ ಯಾಕೆ?

ಕಾಸರಗೋಡಿನ ಕನ್ನಡಿಗರು ಯಾವ ರಾಜ್ಯದ ಬಜೆಟ್ ನೋಡುತ್ತಾರೆ ಅಂತ ಕೇಳಿದಿರಿ. ಎರಡನ್ನೂ ನೋಡುತ್ತೇವೆ. ನಮ್ಮ ಸರ್ಕಾರ ಇರುವುದು ತಿರುವನಂತಪುರದಲ್ಲಿ. ಆದರೆ ಆಸ್ಪತ್ರೆ, ಕಾಲೇಜು, ವ್ಯಾಪಾರ ಅಂತ ಓಡುವುದು ಮಂಗಳೂರಿಗೆ.

ಗಡಿಯಲ್ಲಿ ಜಾಸ್ತಿ ಮುಟ್ಟುವುದು ಪೆಟ್ರೋಲ್, ಡೀಸೆಲ್ ತೆರಿಗೆ. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ. ಇಂಧನ ಮತ್ತು ಮದ್ಯ ಅದರ ಹೊರಗಿವೆ. ರಾಜ್ಯಕ್ಕೆ ತಾನೇ ತೆರಿಗೆ ಏರಿಸಲು ಉಳಿದಿರುವ ದಾರಿಗಳು ಕಡಿಮೆ, ಹಾಗಾಗಿ ಹಣ ಬೇಕಾದಾಗ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಕೇರಳದ 2023ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸೆಸ್ (ಹೆಚ್ಚುವರಿ ತೆರಿಗೆ) ಹಾಕಿದರು. ಸಾಮಾಜಿಕ ಭದ್ರತಾ ಪೆನ್ಶನ್‌ಗೆ ಅಂತ. ಉದ್ದೇಶ ಒಳ್ಳೆಯದೇ. ಆದರೆ ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಡೀಸೆಲ್ ಅಗ್ಗ. ಮಂಜೇಶ್ವರದ ಲಾರಿಯವರು ಇಲ್ಲಿ ಯಾಕೆ ಟ್ಯಾಂಕ್ ತುಂಬಿಸಬೇಕು ಹೇಳಿ? ಆಗ ಕೇರಳಕ್ಕೆ ತಪ್ಪುವುದು ಸೆಸ್ ಮಾತ್ರ ಅಲ್ಲ, ಮೂಲ ಮಾರಾಟ ತೆರಿಗೆಯೂ; ಆ ಡೀಸೆಲ್‌ನ ತೆರಿಗೆ ಕರ್ನಾಟಕಕ್ಕೆ ಹೋಗುತ್ತದೆ. 2024ರ ಜೂನ್‌ನಲ್ಲಿ ಕರ್ನಾಟಕವೂ ಡೀಸೆಲ್ ತೆರಿಗೆಯನ್ನು 14.3ರಿಂದ 18.4 ಶೇಕಡಕ್ಕೆ ಏರಿಸಿತು, ಆದರೂ ಅಲ್ಲೇ ಅಗ್ಗ. ರಾಜ್ಯಕ್ಕೆಲ್ಲ ಒಂದೇ ಲೆಕ್ಕ ಹಾಕಿ ಆದಾಯ ಅಂದಾಜಿಸಿದರೆ ಗಡಿಯಲ್ಲಿ ಅದು ತಪ್ಪುತ್ತದೆ. ಇಲ್ಲಿನ ಬಂಕ್ ಮಾಲೀಕರನ್ನು ಕೇಳಿದರೆ ಗೊತ್ತಾಗುತ್ತದೆ.

ಕೇರಳದ ಕಷ್ಟವನ್ನೂ ಹೇಳಬೇಕು ಅಲ್ವಾ. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕೇರಳಕ್ಕೆ ಹತ್ತನೇ ಹಣಕಾಸು ಆಯೋಗ ಕೊಟ್ಟ ಪಾಲು 3.875 ಶೇಕಡ. ಹದಿನೈದನೆಯದು ಕೊಟ್ಟದ್ದು 1.925 ಮಾತ್ರ. ಜಿಎಸ್‌ಟಿಯಿಂದ ರಾಜ್ಯಗಳಿಗೆ ಆದ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರವೂ 2022ರ ಜೂನ್‌ಗೆ ನಿಂತಿತು. ಕೇಂದ್ರ ಹಾಕಿದ ಸಾಲದ ಮಿತಿಯ ವಿಷಯದಲ್ಲಿ ಕೇರಳ ಸುಪ್ರೀಂ ಕೋರ್ಟಿಗೇ ಹೋಯಿತು. ಪೆನ್ಶನ್ ತಿಂಗಳುಗಟ್ಟಲೆ ಬಾಕಿ ಬಿದ್ದದ್ದೂ ಈ ಬಿಗಿಯಲ್ಲೇ.

ಕರ್ನಾಟಕದ ಬಜೆಟ್‌ನಲ್ಲಿ ಶಕ್ತಿ, ಗೃಹಲಕ್ಷ್ಮಿ ಕೇಳಿ ಇಲ್ಲಿನ ಹೆಂಗಸರು ಆಸೆಪಡುತ್ತಾರೆ. ಅವು ನಮಗಿಲ್ಲ. ಭಾಷೆ ಒಂದಾದರೂ ವಿಳಾಸ ಬೇರೆ.

ಕೇರಳದ ಬಜೆಟ್‌ನಲ್ಲಿ ನಾನು ಪ್ರತಿ ಸಲ ಹುಡುಕುವುದು ಕಾಸರಗೋಡು ಪ್ಯಾಕೇಜ್ ಅನ್ನು, ಅಂದರೆ ನಮ್ಮ ಜಿಲ್ಲೆಯ ಅಭಿವೃದ್ಧಿಗೆ ಇಡುವ ಹಣವನ್ನು. ಜಿಲ್ಲೆಯ ಅಭಿವೃದ್ಧಿ ಬಗ್ಗೆ ನೇಮಿಸಿದ ಪ್ರಭಾಕರನ್ ಆಯೋಗದ ವರದಿಯಿಂದ ಹುಟ್ಟಿದ್ದು ಅದು. ಘೋಷಿಸಿದ ಮೊತ್ತಕ್ಕಿಂತ ಹಿಂದಿನ ವರ್ಷ ಖರ್ಚಾದದ್ದು ಎಷ್ಟು ಅನ್ನುವುದನ್ನೇ ನೋಡಬೇಕು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು. ಎಂಬಿಬಿಎಸ್‌ಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ನಡುವೆ 2020ರಲ್ಲಿ ಕೊರೊನಾ ಬಂದಾಗ ತಲಪಾಡಿ ಗಡಿ ಮುಚ್ಚಿತು, ಮಂಗಳೂರಿಗೆ ಹೋಗಲಾರದೆ ರೋಗಿಗಳು ಸತ್ತರು.