ಕ್ಷಮೆ ಬೇಡ, ಉತ್ತರ ಕಳುಹಿಸಿ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳು, ತಂಡದ ಮುಂದೆ ಮೊದಲ ಪ್ರೆಸೆಂಟೇಶನ್, ನಡುವೆಯೇ ಒಬ್ಬರು ‘ಈ ಅಂಕಿಗಳನ್ನು ನಾನು ಒಪ್ಪುವುದಿಲ್ಲ’ ಎಂದರು, ಅಲ್ಲಿಂದ ಮುಂದೆ ನಾಲಿಗೆ ಹೊರಳಲಿಲ್ಲ, ಮುಖ ತೋರಿಸಲಾಗದೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ, ಎಲ್ಲರಿಗೂ ಕ್ಷಮೆ ಕೇಳಿ ಬರೆಯಲೇ ಅಕ್ಕ, ಎಂದು ಕೇಳಿದ್ದೀರಿ.

ಬೇಡ. ಕ್ಷಮಾಪಣೆ ಓದಿದರೆ ಅವರಿಗೇ ಮುಜುಗರ. ಅವರಿಗೆ ಬೇಕಾಗಿರುವುದು ಆ ಅಂಕಿಗಳು ಬಂದದ್ದೆಲ್ಲಿಂದ ಎಂಬ ವಿವರ. ಯಾವ ಪರೀಕ್ಷೆ, ಎಷ್ಟು ಮಾದರಿ, ಏನನ್ನು ಕೈಬಿಟ್ಟಿರಿ, ಅನುಮಾನ ಎಲ್ಲಿ ಉಳಿದಿದೆ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಪ್ರಶ್ನೆ ಕೇಳಿದವರಿಗೇ ಕಳುಹಿಸಿ, ಮೇಲಧಿಕಾರಿಗೊಂದು ಪ್ರತಿ ಹಾಕಿ. ಅಂಕಿ ನಿಜಕ್ಕೂ ತಪ್ಪಿದ್ದರೆ ತಪ್ಪು ಎಂದೇ ಬರೆದು ಸರಿಯಾದದ್ದನ್ನು ಪಕ್ಕದಲ್ಲಿ ಕೊಡಿ.

ಬೆಂಗಳೂರಿನಲ್ಲಿ ಅಮೆರಿಕದ ಗ್ರಾಹಕರ ಮುಂದೆ ಹೀಗೆಯೇ ಮಾತನಾಡಿ ಹೊಗಳಿಸಿಕೊಂಡಿದ್ದೆ ಎಂದಿದ್ದೀರಲ್ಲ, ಎಡವಟ್ಟು ಅಲ್ಲಿಯೇ ಇರಬಹುದು. ಅಲ್ಲಿ ಕಲಿಸಿದ್ದು ಮೊದಲು ಫಲಿತಾಂಶ, ಉಳಿದದ್ದು ಕೇಳಿದರೆ ಮಾತ್ರ. ಇಲ್ಲಿನ ಎಂಜಿನಿಯರುಗಳ ಮುಂದೆ, ನಾನು ಕಂಡಂತೆ, ಅದು ನಡೆಯುವುದಿಲ್ಲ. ದಾರಿ ತೋರಿಸದೆ ಮುಟ್ಟಿದ ಊರಿನ ಹೆಸರು ಹೇಳಿದರೆ ಅವರಿಗೆ ಅನುಮಾನ. ಒಂದು ಸ್ಲೈಡ್ ವಿಧಾನಕ್ಕೆ, ಒಂದು ಮಿತಿಗಳಿಗೆ ಮೀಸಲಿಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಗುರುವಾರದೊಳಗೆ ತಿಳಿಸುತ್ತೇನೆ ಎನ್ನಿ, ಗುರುವಾರ ತಿಳಿಸಿ. ನಮ್ಮ ಹಾಗೆ ಪಕ್ಕಕ್ಕೆ ತಲೆಯಾಡಿಸಿ ‘ನೋಡೋಣ’ ಎಂದರೆ ಹೌದೋ ಅಲ್ಲವೋ ತಿಳಿಯದೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಇನ್ನೂ ಗಟ್ಟಿಯಾಗಿ.

ಎದುರಿಗೇ ಹೇಳುವುದು ಇಲ್ಲಿ ಅವಮಾನವಲ್ಲ. ನಮ್ಮಲ್ಲಿ ಹಿರಿಯರು ಸಭೆಯಲ್ಲಿ ಸುಮ್ಮನಿದ್ದು ಆಮೇಲೆ ಪಕ್ಕಕ್ಕೆ ಕರೆಯುತ್ತಾರೆ. ಇವರಲ್ಲಿ ಹಲವರಿಗೆ ಅದು ಸುತ್ತುಬಳಸು. ನಿಮ್ಮ ಅಂಕಿಯನ್ನು ಒಪ್ಪದ ಅದೇ ಮನುಷ್ಯ ಅರ್ಧ ಗಂಟೆ ಕಳೆದು ಊಟಕ್ಕೆ ಕರೆದರೆ ನಾಟಕ ಎಂದುಕೊಳ್ಳಬೇಡಿ, ಹೋಗಿ. ಹಾಗೆಂದು ಎಲ್ಲರೂ ಸಾಧುಗಳಲ್ಲ. ನೇರ ನುಡಿಯ ಹೆಸರಿನಲ್ಲಿ ಒರಟುತನ ಮಾರುವವರೂ ಇದ್ದಾರೆ. ಅಂಕಿಯನ್ನು ಬಿಟ್ಟು ನಿಮ್ಮ ಉಚ್ಚಾರಣೆಗೋ ದೇಶಕ್ಕೋ ಕೈ ಹಾಕಿದರೆ ಸಹಿಸಬೇಕಾಗಿಲ್ಲ. ಮೇಲಧಿಕಾರಿಗೆ ಹೇಳಿ, ಕೇಳದಿದ್ದರೆ ಬೆಟ್ರೀಬ್ಸ್‌ರಾಟ್ ಎಂಬ ನೌಕರರ ಪ್ರತಿನಿಧಿ ಮಂಡಳಿಗೆ ಹೇಳಿ.

ನಿಮ್ಮ ನಿಜವಾದ ಭಯ ಕೊನೆಯ ಸಾಲಿನಲ್ಲಿದೆ: ಪ್ರೋಬೆಟ್ಸೈಟ್ ಮುಗಿಯುವ ಮೊದಲೇ ತೆಗೆದುಹಾಕಿದರೆ? ಈ ಪರೀಕ್ಷಾ ಅವಧಿ ಹೆಚ್ಚೆಂದರೆ 6 ತಿಂಗಳು. ಅದರೊಳಗೆ ಯಾವ ಕಡೆಯವರೂ ಸಾಮಾನ್ಯವಾಗಿ 2 ವಾರಗಳ ನೋಟಿಸ್ ಕೊಟ್ಟು ಮುಗಿಸಬಹುದು. ವಜಾದ ವಿರುದ್ಧ ಕಾನೂನಿನ ಗಟ್ಟಿ ರಕ್ಷಣೆ ಸಿಗುವುದು 6 ತಿಂಗಳು ಕಳೆದ ಮೇಲೆ, ಅದೂ 10ಕ್ಕಿಂತ ಹೆಚ್ಚು ನೌಕರರಿರುವ ಕಡೆ. ಬೆಟ್ರೀಬ್ಸ್‌ರಾಟ್ ಇರುವ ಕಂಪನಿಯಾದರೆ, ಯಾರನ್ನೇ ತೆಗೆಯುವ ಮೊದಲು, ಪರೀಕ್ಷಾ ಅವಧಿಯಲ್ಲೂ, ಅದರ ಅಭಿಪ್ರಾಯ ಕೇಳಲೇಬೇಕು. ಆದ್ದರಿಂದ ಅಪಾಯವೇ ಇಲ್ಲ ಎಂದು ನಿಮ್ಮನ್ನು ಸಮಾಧಾನಪಡಿಸಲಾರೆ. ಆದರೆ ತಡವರಿಸಿದವರಿಗಿಂತ, ತಡವರಿಸಿದ ಮೇಲೆ ಕಾಣೆಯಾದವರೇ ಮೇಲಧಿಕಾರಿಗಳಿಗೆ ದೊಡ್ಡ ಚಿಂತೆ. ನಾಳೆಯೇ ಕಚೇರಿಗೆ ಹೋಗಿ, ಮೇಲಧಿಕಾರಿಯ 20 ನಿಮಿಷ ಸಮಯ ಕೇಳಿ. ‘ಹೇಗಿತ್ತು’ ಎನ್ನಬೇಡಿ, ‘ಚೆನ್ನಾಗಿತ್ತು’ ಎಂಬ ಉತ್ತರದಲ್ಲಿ ಹುರುಳಿರುವುದಿಲ್ಲ. ಮುಂದಿನ ಸಲ ಏನನ್ನು ಬದಲಿಸಲಿ ಎಂದು ಕೇಳಿ, ಎದುರಿಗೇ ಬರೆದುಕೊಳ್ಳಿ.

ಸಭೆಯಲ್ಲಿ ಮಾತನಾಡುವ ಅಭ್ಯಾಸಕ್ಕೆಂದೇ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಿವೆ, ಇಂಗ್ಲಿಷ್‌ನಲ್ಲಿ ನಡೆಯುವವೂ ಇವೆ. ಮೊದಲು ಅತಿಥಿಯಾಗಿ ಹೋಗಿ ನೋಡಿ. ಜರ್ಮನ್ ಸ್ವಲ್ಪ ಬಂದ ಮೇಲೆ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಊರಿನ ವಯಸ್ಕರ ಶಿಕ್ಷಣ ಕೇಂದ್ರದ ಭಾಷಣ ತರಗತಿಗಳನ್ನು ವಿಚಾರಿಸಿ.

ಇನ್ನು, ಕೊನೆಯಲ್ಲಿ ಎಲ್ಲರೂ ಮೇಜು ಕುಟ್ಟಿದ್ದು ಅಣಕವೇ ಎಂದು ಕೇಳಿದ್ದೀರಿ. ಅಲ್ಲ ಮಾರಾಯರೇ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸ ಮುಗಿದಾಗ ಬೆರಳ ಗೆಣ್ಣುಗಳಿಂದ ಮೇಜು ಕುಟ್ಟುತ್ತಾರೆ, ಅದೇ ಅವರ ಚಪ್ಪಾಳೆ. ಓದು ಮುಗಿಸಿ ಬಂದವರು ಅದನ್ನು ಕಚೇರಿಗೂ ತರುತ್ತಾರೆ. ತೀರಾ ಹಿಗ್ಗಲೂ ಬೇಡಿ, ಯಾರ ಮಾತು ಮುಗಿದರೂ ಕುಟ್ಟುತ್ತಾರೆ.