‘ಮಿಥಿಂಕ್ಸ್’ ಅಂದ್ರೆ ‘ಐ ಥಿಂಕ್’ ಅಂತಾನಾ? ಮತ್ತೆ ಆ ‘ಮಿ’ ಯಾಕೆ, ‘ಎಸ್’ ಯಾಕೆ?

ನೀವು ಕೇಳಿದ್ದು ಇದು ಗ್ರಾಮರ್ ಮಿಸ್ಟೇಕಾ ಅಂತ. ಅಲ್ಲ. ಇಂಗ್ಲಿಷ್ ಮಾತಾಡೋರಿಗೇ ವಿಚಿತ್ರ ಅನ್ಸೋ ಈ ಪದ ಕನ್ನಡದವ್ರಿಗೆ ಆರಾಮಾಗಿ ಅರ್ಥ ಆಗ್ಬೇಕು, ಯಾಕಂದ್ರೆ ಇದು ‘ನಾನು ಯೋಚಿಸ್ತೀನಿ’ ಅಲ್ಲ, ‘ನಂಗನ್ಸತ್ತೆ’.

ಹಳೇ ಇಂಗ್ಲಿಷಲ್ಲಿ ಎರಡು ಬೇರೆ ಕ್ರಿಯಾಪದ ಇದ್ವು, ಒಂದು ಯೋಚನೆ ಮಾಡೋದಕ್ಕೆ, ಇನ್ನೊಂದು ಅನ್ಸೋದಕ್ಕೆ ಅಥ್ವಾ ತೋರೋದಕ್ಕೆ, ಕೇಳೋಕೆ ಹೆಚ್ಚುಕಮ್ಮಿ ಒಂದೇ ಥರ ಇದ್ದಿದ್ರಿಂದ ಬರ್ತಾ ಬರ್ತಾ ಎರಡೂ ಕಲಸಿ ‘ಥಿಂಕ್’ ಆಗೋಯ್ತು. ಜರ್ಮನ್‌ನಲ್ಲಾದ್ರೆ ಡೆಂಕನ್ (ಯೋಚಿಸೋದು), ಡ್ಯುಂಕನ್ (ಅನ್ಸೋದು) ಅಂತ ಈಗ್ಲೂ ಬೇರೆಬೇರೆ. ಮಿಥಿಂಕ್ಸ್‌ನಲ್ಲಿ ಉಳ್ಕೊಂಡಿರೋದು ಆ ಎರಡನೇದು. ಇಲ್ಲಿ ‘ಮಿ’ ಅಂದ್ರೆ ‘ನನಗೆ’, ಸ್ಕೂಲಲ್ಲಿ ಉರು ಹೊಡೆದ ಚತುರ್ಥಿ ವಿಭಕ್ತಿನೇ. ‘ನಾನು ಅನ್ನಿಸ್ತೀನಿ’ ಅಂತ ಯಾರಾದ್ರೂ ಹೇಳ್ತಾರಾ? ಇಲ್ಲ, ‘ನಂಗೆ ಅನ್ಸತ್ತೆ’, ಕ್ರಿಯಾಪದ ‘ಅದು’ ಲೆಕ್ಕದಲ್ಲಿ ನಡಿಯತ್ತೆ. ಆ ‘ಎಸ್’ ಬಂದಿದ್ದೂ ಅದಕ್ಕೇ.

ರೂಪಗಳು ಜಾಸ್ತಿ ಇಲ್ಲ. ಹಳೇದು ಮಿಥಿಂಕೆತ್, ಆಮೇಲೆ ಮಿಥಿಂಕ್ಸ್, ಭೂತಕಾಲಕ್ಕೆ ಮಿಥಾಟ್, ಅಷ್ಟೇ. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಕಾಲದಲ್ಲಿ ‘ಅವನಿಗೆ ಅನ್ನಿಸ್ತು’ ಅನ್ನೋಕೆ ‘ಹಿಮ್ ಥಾಟ್’ ಅಂತಾನೂ ಇತ್ತು, ಅದು ಸತ್ತೋಯ್ತು. ಕೆಲವ್ರು ಸ್ಟೈಲಿಗೆ ‘ಐ ಮಿಥಿಂಕ್ಸ್’ ಅಂತ ಬರೀತಾರಲ್ಲ, ಅದು ‘ನಾನು ನಂಗನ್ಸತ್ತೆ’ ಅಂದಂಗೆ, ನೋಡಿದ್ರೆ ಮೈ ಉರಿಯತ್ತೆ.

ಫೇಮಸ್ ಉದಾಹರಣೆ ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ದು, ‘ದ ಲೇಡಿ ಡತ್ ಪ್ರೊಟೆಸ್ಟ್ ಟೂ ಮಚ್, ಮಿಥಿಂಕ್ಸ್’. ನಾಟಕದೊಳಗೊಂದು ನಾಟಕ ನಡೀತಿರತ್ತೆ, ಅದ್ರಲ್ಲಿ ರಾಣಿ ಪಾತ್ರದವಳು ಗಂಡ ಸತ್ರೆ ಇನ್ನೊಂದು ಮದ್ವೆ ಆಗಲ್ಲ ಅಂತ ಆಣೆ ಮೇಲೆ ಆಣೆ ಇಡ್ತಾಳೆ, ಗಂಡ ಸತ್ತ ಸ್ವಲ್ಪ ದಿನಕ್ಕೇ ಮೈದುನನ್ನ ಮದ್ವೆ ಆಗಿರೋ ಹ್ಯಾಮ್ಲೆಟ್‌ನ ತಾಯಿ ಗರ್ಟ್ರೂಡ್ ಕೂತು ಅದನ್ನ ನೋಡ್ತಿರ್ತಾಳೆ. ನಾಟಕ ಹೆಂಗಿದೆ ಅಂತ ಹ್ಯಾಮ್ಲೆಟ್ ಕೇಳ್ದಾಗ ಗರ್ಟ್ರೂಡ್ ಬಾಯಲ್ಲಿ ಈ ಮಾತು ಬರತ್ತೆ. ಆಗ ‘ಪ್ರೊಟೆಸ್ಟ್’ ಅಂದ್ರೆ ವಿರೋಧ ಅಲ್ಲ, ಆಣೆ ಇಟ್ಟು ಹೇಳೋದು, ಇದನ್ನೂ ತುಂಬಾ ಜನ ತಪ್ಪು ತಿಳ್ಕೋತಾರೆ. ನಾನು ಡಿಗ್ರಿಲಿದ್ದಾಗ ಟೆಕ್ಸ್ಟ್ ಬುಕ್ಕಿನ ಅಂಚಲ್ಲಿ ಪೆನ್ಸಿಲಲ್ಲಿ ಹಿಂಗೆ ಬರ್ಕೊಂಡಿದ್ದೆ: ‘ಆಯಮ್ಮ ಯಾಕೋ ಆಣೆ ಜಾಸ್ತಿನೇ ಇಡ್ತಿದಾಳೆ ಅನ್ಸತ್ತೆ’. ‘ಅನ್ಸತ್ತೆ’ ಬಂದು ಕೂತಿದ್ದೂ ಕೊನೇಲೇ, ಗರ್ಟ್ರೂಡ್ ಇಟ್ಟ ಜಾಗದಲ್ಲೇ.